ಕೆಂಪು ದೀಪ ಆರಿದ ಮೇಲೆ ಉಳಿದದ್ದು

ಸಲಹಾರ್ಥಿಯ ಒಪ್ಪಿಗೆ ಪಡೆದು, ಅವರ ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಅವರು ನಡುವಯಸ್ಸಿನ ಮಹಿಳೆ. ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಬಹುಕಾಲದಿಂದ ದುಡಿಯುತ್ತಿರುವವರು. ರಾತ್ರಿ ನಿದ್ರೆ ಹತ್ತುವುದಿಲ್ಲ, ಅಂಗಡಿಯ ಬಾಗಿಲು ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡು ಬಂದಿದ್ದರು. ಅದರ ಕಾರಣ ಬಾಯಿಗೆ ಬರಲು ಮೊದಲ ಭೇಟಿಯ ಬಹುಪಾಲು ಸಮಯ ಬೇಕಾಯಿತು, ಏಕೆಂದರೆ ಇಷ್ಟು ಸಣ್ಣ ವಿಷಯಕ್ಕೆ ಆಪ್ತಸಲಹೆ ಕೇಳಿಕೊಂಡು ಬಂದರೇ ಎಂದು ನಾನು ಎಣಿಸುವೆನೆಂಬ ಅಳುಕು ಅವರಿಗಿತ್ತು.

ಆ ಭೇಟಿಗೆ ಏಳು ವಾರಗಳ ಮೊದಲು ಅವರು ದಿನಸಿ ಅಂಗಡಿಯೊಂದರಲ್ಲಿ ಗ್ರಾಹಕರೇ ಬಿಲ್ ಮಾಡಿಕೊಳ್ಳುವ ಸೆಲ್ಫ್ ಚೆಕ್‌ಔಟ್ ಯಂತ್ರದ ಮುಂದೆ ನಿಂತು, ಬುಟ್ಟಿಯ ಸಾಮಾನುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ತಮ್ಮ ಚೀಲಕ್ಕೆ ಹಾಕುತ್ತಿದ್ದರು. ಒಂದು ಡಬ್ಬಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡ ಗಳಿಗೆಯಲ್ಲಿ ಯಂತ್ರ ನಿಂತಿತು, ಮೇಲಿನ ಕಂಬದ ದೀಪ ಕೆಂಪಾಯಿತು. ಪರದೆಯ ಮೇಲೆ ಅವರದೇ ಕೈಗಳ ವಿಡಿಯೊ ತುಣುಕು ಓಡತೊಡಗಿತು. ಸಹಾಯಕ್ಕೆಂದು ನಿಂತಿದ್ದ ಯುವತಿ ಬಂದು ಚೀಲ ಖಾಲಿ ಮಾಡಲು ಹೇಳಿದಳು. ಸರದಿಯಲ್ಲಿದ್ದವರು ನೋಡುತ್ತಿರುವಂತೆಯೇ ಪ್ರತಿಯೊಂದನ್ನೂ ಬಿಲ್ಲಿಗೆ ತಾಳೆ ನೋಡಲಾಯಿತು. ಎಲ್ಲವೂ ಸರಿಯಾಗಿತ್ತು. ಯುವತಿ ಗುಂಡಿಯೊಂದನ್ನು ಒತ್ತಿದಳು, ದೀಪ ಹಸಿರಾಯಿತು, ಅವಳು ಮಾತಿಲ್ಲದೆ ಪಕ್ಕದ ಯಂತ್ರದತ್ತ ತಿರುಗಿದಳು. ಆಗ ಸಲಹಾರ್ಥಿ ಧ್ವನಿಯೇರಿಸಿ ಅವಳನ್ನು ಬೈದರು. ಏನೆಂದು ಬೈದರೆಂಬುದನ್ನು ಎರಡನೆಯ ಭೇಟಿಯಲ್ಲಿ ಹೇಳಿದರು: 'ಇಂಥ ಕೆಲಸ ಮಾಡಿ ಹೊಟ್ಟೆ ಹೊರೆಯಲು ನಿನಗೆ ನಾಚಿಕೆಯಾಗುವುದಿಲ್ಲವೇ?'

ಆ ದಿನದಿಂದ ಅವರು ಅಂಗಡಿಯಲ್ಲಿ ಕೈಗಳನ್ನು ಜೇಬಿನ ಹತ್ತಿರಕ್ಕೂ ಒಯ್ಯುತ್ತಿರಲಿಲ್ಲ. ಪ್ರತಿ ವಸ್ತುವನ್ನೂ ಕ್ಯಾಮೆರಾಗೆ ಕಾಣುವಂತೆ ಮೇಲೆತ್ತಿ ಹಿಡಿಯುತ್ತಿದ್ದರು, ಪರದೆಯ ಪಟ್ಟಿಯನ್ನು ಎರಡೆರಡು ಸಲ ಓದುತ್ತಿದ್ದರು, ರಸೀದಿಗಳನ್ನು ದಿನಾಂಕದ ಕ್ರಮದಲ್ಲಿ ಲಕೋಟೆಯೊಳಗೆ ಕೂಡಿಡುತ್ತಿದ್ದರು. ಕೊನೆಗೆ ಅಂಗಡಿಗೆ ಹೋಗುವುದನ್ನೇ ಬಿಟ್ಟು ಪತಿಯನ್ನು ಕಳಿಸತೊಡಗಿದರು. 'ಯಂತ್ರ ತಾನೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ' ಎಂದು ಪತಿ ಹೇಳುತ್ತಿದ್ದರು. ಒಳ್ಳೆಯ ಮನಸ್ಸಿನ ಮಾತೇ ಅದು, ಆದರೆ ಅದರಿಂದ ನೆರವಾಗಲಿಲ್ಲ. ನೋವನ್ನು ಸಣ್ಣದೆಂದು ಹೇಳಿದಷ್ಟೂ, ನೋಯುವುದು ತನ್ನದೇ ದೋಷವೆಂದು ಅವರು ತಿಳಿದರು.

ನಾನು ಮೊದಲು ಮಾಡಿದ್ದು ಆ ಯಂತ್ರವನ್ನು ಅವರೊಂದಿಗೆ ಬಿಡಿಸಿ ನೋಡುವ ಕೆಲಸ. ಚೀಲ ಇಡುವ ಹಲಗೆಯ ಕೆಳಗೆ ತೂಕದ ಸಂವೇದಕವಿರುತ್ತದೆ. ಸ್ಕ್ಯಾನ್ ಆದ ವಸ್ತುವಿನ ದಾಖಲಾದ ತೂಕಕ್ಕೂ ಹಲಗೆಯ ಮೇಲೆ ಹೆಚ್ಚಿದ ತೂಕಕ್ಕೂ ಹೊಂದಿಕೆಯಾಗದಿದ್ದರೆ ಯಂತ್ರ ನಿಲ್ಲುತ್ತದೆ. ಮನೆಯಿಂದ ತಂದ ಚೀಲ, ಹಲಗೆಗೆ ಆನಿಸಿದ ಮೊಣಕೈ, ತೂಕ ಬದಲಾಗಿಯೂ ದಾಖಲೆಯಲ್ಲಿ ತಿದ್ದದೆ ಉಳಿದ ಪೊಟ್ಟಣ, ಇವಿಷ್ಟೂ ಅದಕ್ಕೆ ಒಂದೇ. ಮೇಲಿನ ಕ್ಯಾಮೆರಾದ ಹಿಂದಿರುವ ತಂತ್ರಾಂಶವು ಕೈಯ ಚಲನೆಯನ್ನು ನೋಡಿ, ಸ್ಕ್ಯಾನ್ ಆಗದ ವಸ್ತು ಚೀಲ ಸೇರಿರಬಹುದೇ ಎಂಬ ಸಂಭವವನ್ನು ಅಂದಾಜು ಮಾಡುತ್ತದೆ. ಆ ಅಂದಾಜು ಒಂದು ಗೆರೆ ದಾಟಿದರೆ ದೀಪ ಹತ್ತುತ್ತದೆ. ಯಂತ್ರಕ್ಕೆ ಉದ್ದೇಶ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಮನುಷ್ಯರ ತೀರ್ಮಾನ, ಮತ್ತು ಅದನ್ನು ಕೆಳಗೆ ಎಳೆದಷ್ಟೂ ಪ್ರಾಮಾಣಿಕರು ಹೆಚ್ಚು ಹೆಚ್ಚಾಗಿ ತಡೆಯಲ್ಪಡುತ್ತಾರೆ.

ಲೆಕ್ಕವೇ ಅವರ ವೃತ್ತಿಯಾದ್ದರಿಂದ ಒಂದು ಕಲ್ಪಿತ ಲೆಕ್ಕವನ್ನು ಅವರ ಕೈಗೇ ಕೊಟ್ಟೆ. 1,000 ಗ್ರಾಹಕರಲ್ಲಿ 10 ಮಂದಿ ಕದಿಯುವವರೆಂದಿಟ್ಟುಕೊಳ್ಳಿ. ಯಂತ್ರವು ಆ 10ರಲ್ಲಿ 9 ಮಂದಿಯನ್ನು ಹಿಡಿಯುತ್ತದೆ, ಪ್ರಾಮಾಣಿಕರಲ್ಲಿ ನೂರಕ್ಕೆ 5 ಮಂದಿಯನ್ನು ಮಾತ್ರ ತಪ್ಪಾಗಿ ತಡೆಯುತ್ತದೆ. ಅವರು ಕಾಗದದ ಮೇಲೆ ಬರೆದರು: ಉಳಿದ 990 ಮಂದಿಯಲ್ಲಿ ಸುಮಾರು 50. ಅಂದರೆ ದೀಪ ಹತ್ತಿದ 59 ಸಲಗಳಲ್ಲಿ 50 ಸಲ ಎದುರಿಗೆ ನಿಂತವರು ಏನನ್ನೂ ಕದ್ದಿರುವುದಿಲ್ಲ. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿ, 'ಹಾಗಾದರೆ ಆ ದೀಪ ನನ್ನ ಬಗ್ಗೆ ಏನನ್ನೂ ಹೇಳಲಿಲ್ಲ' ಎಂದರು.

ಜನ ನೋಡಿದರೆಂಬ ಸಂಕಟಕ್ಕೆ ಇಷ್ಟು ಸುಲಭದ ಉತ್ತರವಿರಲಿಲ್ಲ. ಮುಜುಗರ ತರುವ ಅಂಗಿ ತೊಟ್ಟು ಕೋಣೆಯೊಳಗೆ ಬಂದ ವಿದ್ಯಾರ್ಥಿಗಳು, ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಗಮನಿಸಿದರೆಂದು ಭಾವಿಸಿದರೂ ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟು ಮಾತ್ರ ಎಂಬ, ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾವು ಸಲಹೆಗಾರರು ಆಗಾಗ ಹೇಳುತ್ತೇವೆ. ಈ ಪ್ರಕರಣದಲ್ಲಿ ನಾನು ಅದನ್ನು ಹೇಳಲಿಲ್ಲ. ಜನ ನಿಜವಾಗಿಯೂ ನೋಡಿದ್ದರು. ನೋಡಲಿಲ್ಲವೆಂದು ಸಮಾಧಾನ ಹೇಳುವುದು ಸುಳ್ಳಾಗುತ್ತಿತ್ತು.

ಅವರ ಮಾತುಗಳನ್ನು ಮತ್ತೆ ಮತ್ತೆ ಕೇಳಿದಾಗ ನನಗೆ ಕಂಡದ್ದು ಬೇರೆ. ತಡೆದದ್ದಕ್ಕಿಂತ ಬಿಟ್ಟ ರೀತಿ ಅವರನ್ನು ಹೆಚ್ಚು ನೋಯಿಸಿತ್ತು. ಅನುಮಾನವನ್ನು ದೀಪ, ವಿಡಿಯೊ, ಚೀಲದ ತಪಾಸಣೆ ಎಲ್ಲವೂ ಸಾರಿ ಹೇಳಿದವು, ಆದರೆ 'ನಿಮ್ಮದೇನೂ ತಪ್ಪಿಲ್ಲ' ಎಂಬ ಮಾತನ್ನು ಯಾರೂ ಹೇಳಲಿಲ್ಲ. ಆ ಒಂದು ಮಾತು ಬಾರದೆ ಹೋದದ್ದರಿಂದಲೇ ಅವರು ಏಳು ವಾರಗಳಿಂದ ಕೈಗಳನ್ನು ಮೇಲೆತ್ತಿ, ರಸೀದಿ ಕೂಡಿಟ್ಟು, ಮುಗಿದುಹೋದ ವಿಚಾರಣೆಗೆ ಸಾಕ್ಷ್ಯ ಒದಗಿಸುತ್ತಲೇ ಇದ್ದರು. ಇದರಲ್ಲಿ ಅಂಗಡಿಯ ಹೊಣೆ ದೊಡ್ಡದು. ಬಿಲ್ ಮಾಡುವ ಕೆಲಸವನ್ನು ಗ್ರಾಹಕರಿಗೆ ವಹಿಸಿದವರು, ಆ ಕೆಲಸದಲ್ಲಿ ಯಂತ್ರ ಎಡವಿದಾಗ ಕ್ಷಮೆ ಕೇಳುವ ಕೆಲಸವನ್ನಾದರೂ ತಮ್ಮಲ್ಲಿ ಉಳಿಸಿಕೊಳ್ಳಬೇಕು ಎಂದು ನಾನು ನಂಬುತ್ತೇನೆ.

ಇನ್ನೊಂದು ಗಂಟು ಆ ಬೈಗುಳದಲ್ಲಿತ್ತು. ಕಳ್ಳಿಯೆಂದು ಕಾಣಿಸಿಕೊಂಡ ಅವಮಾನ, ಆ ಯುವತಿಯನ್ನು ನೋಯಿಸಿದ ಅಪರಾಧಪ್ರಜ್ಞೆ, ಇವೆರಡೂ ಅವರೊಳಗೆ ಒಂದಕ್ಕೊಂದು ಸಿಕ್ಕಿಕೊಂಡಿದ್ದವು. 'ನಾನು ಕೆಟ್ಟವಳು' ಎಂಬ ಭಾವಕ್ಕೆ ಎರಡೂ ನೀರೆರೆಯುತ್ತಿದ್ದವು. ಅವಮಾನ ಅವರು ಗಳಿಸಿದ್ದಲ್ಲ, ಅದನ್ನು ಹೊರುವ ಅಗತ್ಯವಿಲ್ಲ. ಬೈದದ್ದು ಅವರದೇ ಮಾತು, ಅದನ್ನು ಸರಿಪಡಿಸಬಹುದು. ಇದನ್ನು ಹೇಳಿದಾಗ ಅವರು ಅತ್ತರು, ಮತ್ತು ಮೊದಲ ಬಾರಿಗೆ ಹಗುರಾದವರಂತೆ ಕಂಡರು.

ಕೊಟ್ಟ ಸಲಹೆ ಹೀಗಿತ್ತು. ಅಂಗಡಿಯ ವ್ಯವಸ್ಥಾಪಕರಿಗೆ ಪತ್ರ ಬರೆಯುವುದು: ನಡೆದ ದಿನ, ಹೊತ್ತು, ವಿಡಿಯೊವನ್ನು ಎಲ್ಲರಿಗೂ ಕಾಣುವಂತೆ ತೋರಿಸಿದ್ದು, ಎಲ್ಲ ಸರಿಯಿದ್ದರೂ ಒಂದು ಮಾತು ಬಾರದ್ದು, ಇವನ್ನು ಕೋಪವಿಲ್ಲದೆ ದಾಖಲಿಸಿ, ತಪಾಸಣೆಯ ನಂತರ ಗ್ರಾಹಕರಿಗೆ ಬಾಯಿಬಿಟ್ಟು ಹೇಳುವ ಪದ್ಧತಿ ಬೇಕೆಂದು ಕೇಳುವುದು. ಉತ್ತರ ಬರದಿದ್ದರೂ ಪತ್ರ ವ್ಯರ್ಥವಲ್ಲವೆಂದು ಮೊದಲೇ ಹೇಳಿದ್ದೆ. ಎರಡನೆಯದಾಗಿ, ಅಂಗಡಿಗೆ ಮರಳುವುದು, ಆದರೆ ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಪತಿಯೊಂದಿಗೆ ಸಿಬ್ಬಂದಿಯಿರುವ ಕೌಂಟರಿಗೆ, ಆಮೇಲೆ ಒಬ್ಬರೇ, ಆಮೇಲೆ ಎರಡೇ ವಸ್ತುಗಳೊಂದಿಗೆ ಯಂತ್ರಕ್ಕೆ. ಕೈ ಮೇಲೆತ್ತಿ ತೋರಿಸುವಂತಿಲ್ಲ, ಪಟ್ಟಿಯನ್ನು ಎರಡನೆಯ ಸಲ ಓದುವಂತಿಲ್ಲ, ಮನೆಗೆ ಬಂದು ಸಾಮಾನು ಎತ್ತಿಟ್ಟ ಮೇಲೆ ರಸೀದಿಯನ್ನು ಉಳಿಸಿಕೊಳ್ಳುವಂತಿಲ್ಲ. ಇವೆಲ್ಲ ಭಯವನ್ನು ತಣಿಸುವಂತೆ ತೋರಿ ಅದನ್ನು ಸಾಕುವ ಅಭ್ಯಾಸಗಳು. ದೀಪ ಮತ್ತೆ ಹತ್ತಿದರೆ ಚೀಲದಿಂದ ಕೈ ತೆಗೆದು ನಿಂತು, 'ಯಂತ್ರ ನಿಂತಿದೆ, ನೋಡುತ್ತೀರಾ?' ಎಂದಷ್ಟೇ ಕೇಳುವುದು. ತಾನು ಕದ್ದಿಲ್ಲವೆಂದು ವಿವರಿಸತೊಡಗಬಾರದು. ಈ ಮಾತನ್ನು ನಮ್ಮ ಕೋಣೆಯಲ್ಲೇ ಹಲವು ಸಲ ಆಡಿ ನೋಡಿದೆವು.

ಆ ಯುವತಿಯನ್ನು ಕಾಣುವ ವಿಚಾರವನ್ನು ಅವರ ನಿರ್ಧಾರಕ್ಕೆ ಬಿಟ್ಟಿದ್ದೆ. ಐದನೆಯ ಭೇಟಿಗೆ ಮೊದಲು ಅವರು ಹೋಗಿ ಕ್ಷಮೆ ಕೇಳಿದ್ದರು. ಅವಳಿಗೆ ಅವರ ಮುಖ ನೆನಪಿತ್ತು. ಆ ದಿನ ಏಕೆ ಏನೂ ಹೇಳಲಿಲ್ಲವೆಂದು ಇವರು ಕೇಳಿದಾಗ, 'ಸಾರಿ ಅಂದರೆ ನಾನು ನಿಮ್ಮನ್ನು ಅನುಮಾನಿಸಿದ್ದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತು ಮೇಡಂ, ಅದಕ್ಕೇ ಸುಮ್ಮನಾದೆ' ಎಂದಳಂತೆ. ಇದನ್ನು ಹೇಳುವಾಗ ಸಲಹಾರ್ಥಿಯ ಧ್ವನಿಯಲ್ಲಿ ಅಚ್ಚರಿಯಿತ್ತು. ಇಷ್ಟು ವಾರ ತಿರಸ್ಕಾರವೆಂದು ತಿಳಿದಿದ್ದ ಮೌನ ಸಂಕೋಚವಾಗಿತ್ತು.

ಮೂರು ತಿಂಗಳ ನಂತರದ ಭೇಟಿಯಲ್ಲಿ ನಿದ್ರೆ ಸರಿಹೋಗಿತ್ತು. ಅಂಗಡಿಯಿಂದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಯಂತ್ರ ಮತ್ತೊಮ್ಮೆ ನಿಂತಿತ್ತು, ಅವರು ಕೈ ತೆಗೆದು ನಿಂತು ಕಲಿತ ಮಾತನ್ನೇ ಕೇಳಿದ್ದರು. ಎದೆ ಹೊಡೆದುಕೊಂಡಿತಾದರೂ ಸಾಮಾನು ಬಿಟ್ಟು ಬಂದಿರಲಿಲ್ಲ. ಸಿಬ್ಬಂದಿಯಿರುವ ಕೌಂಟರಿನಲ್ಲಿ ಸರದಿ ಚಿಕ್ಕದಿದ್ದರೆ ಈಗಲೂ ಅಲ್ಲಿಗೇ ಹೋಗುತ್ತೇನೆ, ಅದು ತಪ್ಪೇ ಎಂದು ಕೇಳಿದರು. ತಪ್ಪಲ್ಲವೆಂದು ಹೇಳಿ ಪ್ರಕರಣವನ್ನು ಮುಕ್ತಾಯಗೊಳಿಸಿದೆ.