ಕೊಯ್ಯಲ್ಲ ಅನ್ನೋದು ನಿಜ, ಆದರೆ ಅಮ್ಮ ಹೇಗೆ ನಡೆಯುತ್ತಾರೆ?

ಅಮ್ಮನಿಗೆ 64 ವರ್ಷ, ಎಸೆನ್ಷಿಯಲ್ ಟ್ರೆಮರ್ (ಕೆಲಸ ಮಾಡುವಾಗ ಕೈ ನಡುಗುವ ಕಾಯಿಲೆ), ಡಿಬಿಎಸ್ (ಮೆದುಳಿನೊಳಗೆ ತಂತಿ ಇಟ್ಟು ಸಣ್ಣ ಕರೆಂಟ್ ಕೊಡುವ ಆಪರೇಷನ್) ಅಂದರೆ ತಲೆಗೆ ತೂತು ಅಂತ ಹೆದರಿಕೆ. ಫೋಕಸ್ಡ್ ಅಲ್ಟ್ರಾಸೌಂಡ್‌ನಲ್ಲಿ, ಅಂದರೆ ಹೊರಗಿನಿಂದ ಶಬ್ದದ ಅಲೆ ಬಿಟ್ಟು ಮೆದುಳಿನ ಒಂದು ಚಿಕ್ಕ ಜಾಗವನ್ನು ಬಿಸಿಯಿಂದ ಸುಡುವ ಚಿಕಿತ್ಸೆಯಲ್ಲಿ, ಕೊಯ್ಯುವುದೇ ಇಲ್ಲವಲ್ಲ, ಹಾಗಾದರೆ ಅದೇ ಸೇಫ್ ಅಲ್ವಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತಲ್ಲಿ ಕೇಳಿದ್ದೆ.

ನಾನು ಮಲೆನಾಡಿನ ಒಂದು ಹಳ್ಳಿ ದೇವಸ್ಥಾನದ ಅರ್ಚಕ. ನಲವತ್ತೈದು ದಾಟಿದ ಮೇಲೆ ಕೈ ನಡುಗಲು ಶುರುವಾಯಿತು. ನಮ್ಮ ಅಪ್ಪನಿಗೂ ಇತ್ತು. ಕೈಯನ್ನು ತೊಡೆ ಮೇಲಿಟ್ಟು ಕೂತರೆ ಏನೂ ಇಲ್ಲ. ಉದ್ಧರಣೆಯಲ್ಲಿ ತೀರ್ಥ ಎತ್ತಿ ಭಕ್ತರ ಅಂಗೈ ಹತ್ತಿರ ತಂದ ಕೂಡಲೇ ಶುರು. ಮೂರು ಸಲ ಕೊಡುವುದರಲ್ಲಿ ಎರಡು ಸಲ ಅವರ ಮಣಿಕಟ್ಟಿನ ಮೇಲೆ ಚೆಲ್ಲುತ್ತಿತ್ತು. ಎಡಗೈಯೂ ನಡುಗುತ್ತಿತ್ತು, ಆದರೆ ಅದರಲ್ಲಿ ಇರುವುದು ಗಂಟೆ. ಗಂಟೆ ಹಿಡಿದ ಕೈಯ ನಡುಕ ಯಾರಿಗೂ ಕಾಣಲ್ಲ. ಬಲಗೈಯ ಮಂಗಳಾರತಿ ಹಾಗಲ್ಲ, ದೀಪದ ಕುಡಿ ಎಲ್ಲವನ್ನೂ ಹೇಳಿಬಿಡುತ್ತದೆ. ಒಂದು ದಿನ ಪ್ರಾಂಗಣದಲ್ಲಿ ಇಬ್ಬರು ಹುಡುಗರು "ಭಟ್ರು ಬೆಳಿಗ್ಗೆನೇ ಹಾಕಿರ್ಬೇಕು" ಅಂದದ್ದು ಕಿವಿಗೆ ಬಿತ್ತು. ಜನ್ಮದಲ್ಲಿ ಮುಟ್ಟಿದವನಲ್ಲ ನಾನು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಪ್ರೊಪ್ರನೊಲಾಲ್ ಕೊಟ್ಟರು, ನಾಡಿ ತೀರಾ ಇಳಿಯಿತು. ಪ್ರಿಮಿಡೋನ್ ಕೊಟ್ಟರು, ಸದಾ ಮಂಪರು, ಬಾಯಿಪಾಠ ಇದ್ದ ಮಂತ್ರ ಮಧ್ಯದಲ್ಲಿ ತಪ್ಪುತ್ತಿತ್ತು. ಆಗ ಮಗ ಮೊಬೈಲಲ್ಲಿ ಈ ಅಲ್ಟ್ರಾಸೌಂಡ್ ವಿಷಯ ತೋರಿಸಿದ. ಕೊಯ್ಯಲ್ಲ, ಹೊಲಿಗೆ ಇಲ್ಲ, ಒಂದೆರಡು ದಿನದಲ್ಲಿ ಮನೆ. ಅದು ನನಗೆ ಬೇಕೇ ಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತು.

ನಾನು ಮಾಡಿದ ತಪ್ಪು ಇಲ್ಲಿದೆ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಡುಕ ಇರುವವರಲ್ಲಿ ಕೆಲವರಿಗೆ ನಡಿಗೆಯ ಹಿಡಿತವೂ ಸ್ವಲ್ಪ ತಪ್ಪಿರುತ್ತದೆ. ನನಗೂ ತಪ್ಪಿತ್ತು. ಆ ಮಳೆಗಾಲ ದೇವಸ್ಥಾನದ ಮೆಟ್ಟಿಲಲ್ಲಿ ಎರಡು ಸಲ ಜಾರಿದ್ದೆ. ಪಾಚಿ ಅಂತ ಎಲ್ಲರಿಗೂ ಹೇಳಿದ್ದೆ. ಆದರೆ ಎರಡನೇ ಸಲ ಮೆಟ್ಟಿಲು ಒಣಗಿತ್ತು. ಈ ಚಿಕಿತ್ಸೆಗೆ ಮುಂಚೆ ಡಾಕ್ಟರು ಗೆರೆಯ ಮೇಲೆ ನಡೆಸಿ ನೋಡುತ್ತಾರೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ, ಅಂತ ಎಲ್ಲೋ ಓದಿದೆ. ಅದರಲ್ಲಿ ತಪ್ಪಿದರೆ ಬೇಡ ಅಂದುಬಿಡುತ್ತಾರೆ ಅಂತ ಭಯವಾಯಿತು. ಹತ್ತು ದಿನ ಮನೆ ಹಜಾರದಲ್ಲಿ ಅಭ್ಯಾಸ ಮಾಡಿದೆ. ಟೈಲ್ಸ್ ಸಂದಿನ ಗೆರೆ ಮೇಲೆ, ಗೋಡೆ ಪಕ್ಕ, ಎಲ್ಲರೂ ಮಲಗಿದ ಮೇಲೆ. ಕಣ್ಣನ್ನು ದೂರದ ಒಂದು ಬಿಂದುವಿನಲ್ಲಿ ನೆಟ್ಟರೆ ಹತ್ತು ಹೆಜ್ಜೆ ಹೇಗೋ ಆಗುತ್ತದೆ ಅಂತ ಕಂಡುಕೊಂಡೆ. ಆಸ್ಪತ್ರೆಯಲ್ಲಿ ಹಾಗೇ ನಡೆದು ತೋರಿಸಿದೆ. "ಬಿದ್ದಿದ್ದೀರಾ ಯಾವಾಗಲಾದರೂ?" ಅಂತ ಕೇಳಿದರು. "ಇಲ್ಲ" ಅಂದೆ. ಹೆಂಡತಿ ಹೊರಗೆ ಕೂತಿದ್ದಳು. ಒಳಗಿದ್ದಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ಅದು ಗೊತ್ತಿದ್ದೇ "ನೀನು ಇಲ್ಲೇ ಇರು" ಅಂದಿದ್ದೆ.

ಇನ್ನು ಆ ದಿನದ ವಿಷಯ. ಸಿಟಿ ಸ್ಕ್ಯಾನ್ ಮೊದಲೇ ಆಗಿತ್ತು. ತಲೆಬುರುಡೆ ಶಬ್ದದ ಅಲೆಯನ್ನು ಒಳಗೆ ಬಿಡುತ್ತದಾ ಅಂತ ಅದರಲ್ಲಿ ಅಳೆಯುತ್ತಾರೆ. ಆ ಅಳತೆ 0.4ಕ್ಕಿಂತ ಕಡಿಮೆ ಬಂದವರಿಗೆ ಬಿಸಿ ಸಾಕಷ್ಟು ಏರಿಸುವುದು ಕಷ್ಟ. ನನ್ನದು ಸರಿಯಿತ್ತು. ಆಮೇಲೆ ತಲೆ ಬೋಳಿಸಿದರು, ಒಂದು ಕೂದಲೂ ಉಳಿಯಬಾರದು. ಅಂದರೆ ಶಿಖೆಯೂ ಹೋಗಬೇಕು. ಉಪನಯನವಾದಾಗಿನಿಂದ ಇದ್ದ ಜುಟ್ಟು. ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿದೆ. "ಬೆಳೆಯತ್ತೆ ಮಾರಾಯ, ತೀರ್ಥ ಚೆಲ್ಲದೇ ಇರೋದು ಮುಖ್ಯ" ಅಂದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಾಲ್ಕು ಸ್ಕ್ರೂಗಳಲ್ಲಿ ತಲೆಗೆ ಚೌಕಟ್ಟು ಬಿಗಿದರು. ತಣ್ಣೀರು ಹರಿಯುವ ಹೆಲ್ಮೆಟ್ ಹಾಕಿ ಎಂಆರ್‌ಐ ಒಳಗೆ ತಳ್ಳಿದರು. ಆ ಹೆಲ್ಮೆಟ್ಟಿನಲ್ಲಿ 1,024 ಕಡೆಯಿಂದ ಅಲೆ ಹೊರಟು ಮೆದುಳಿನ ಆಳದಲ್ಲಿ, ಥಾಲಮಸ್‌ನ ಒಂದೇ ಜಾಗದಲ್ಲಿ ಕೂಡುತ್ತವೆ. ಬಲಗೈಗೆ ಎಡಗಡೆ ಮೆದುಳು. ಮೊದಲು ಸ್ವಲ್ಪವೇ ಬಿಸಿ ಮಾಡಿ ಜಾಗ ಸರಿಯಾ ಅಂತ ನೋಡುತ್ತಾರೆ, ಆಮೇಲೆ 55 ಡಿಗ್ರಿ ದಾಟಿಸುತ್ತಾರೆ. ಹೆಸರುಕಾಳಿನಷ್ಟು ಭಾಗ ಸುಟ್ಟುಹೋಗುತ್ತದೆ. ಪ್ರತಿ ಸಲ ತಲೆ ಗಿರ್ರೆಂದು, ಹೊಟ್ಟೆ ತೊಳಸುತ್ತಿತ್ತು.

ಪೂರ್ತಿ ಎಚ್ಚರ ಇರುತ್ತದೆ. ನಡುನಡುವೆ ರಟ್ಟು ಹಿಡಿದು, ಪೆನ್ನು ಕೊಟ್ಟು, ಚಕ್ಕುಲಿ ಥರ ಸುರುಳಿ ಬರೆಯಿರಿ ಅನ್ನುತ್ತಾರೆ. ಮೊದಲನೆಯದು ಕೋಳಿ ಕೆದಕಿದ ಹಾಗಿತ್ತು. ಕೊನೆಯದನ್ನು ಬರೆದು ನಾನೇ ದಂಗಾದೆ. ಒಳಗಿನಿಂದ ಹೊರಗಿನವರೆಗೆ ನೀಟಾದ ಗೆರೆ. ಅಲ್ಲೇ ಮಲಗಿಕೊಂಡು ಅತ್ತುಬಿಟ್ಟೆ.

ಮಾರನೇ ದಿನ ಎದ್ದು ನಿಂತಾಗ ನೆಲ ಬಲಕ್ಕೆ ವಾಲಿತು. ಸುಟ್ಟ ಜಾಗದ ಸುತ್ತ ಊತ ಇರುತ್ತದೆ, ವಾರಗಳಲ್ಲಿ ಸರಿಹೋಗಬಹುದು ಅಂದರು. ತುಂಬ ಜನಕ್ಕೆ ಸರಿಹೋಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ 2016ರಲ್ಲೇ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದ 56 ಜನರಲ್ಲಿ ನೂರಕ್ಕೆ 36ರಷ್ಟು ಮಂದಿಗೆ ನಡಿಗೆಯ ತೊಂದರೆ ಆಗಿತ್ತು. ಒಂದು ವರ್ಷದ ಹೊತ್ತಿಗೆ ಅದು 9ಕ್ಕೆ ಇಳಿದಿತ್ತು. ಆ 9ರ ಗುಂಪಿಗೆ ನಾನೂ ಸೇರಿದೆ. ಬರೇ ಚಿಕಿತ್ಸೆಯಿಂದ ಅಲ್ಲ, ಮೊದಲೇ ಅಲ್ಲಾಡುತ್ತಿದ್ದ ನಡಿಗೆಯ ಮೇಲೆ ಇದೂ ಬಿದ್ದಿದ್ದರಿಂದ. ಆರು ತಿಂಗಳ ನಂತರ ಡಾಕ್ಟರ ಹತ್ತಿರ ಎಲ್ಲ ಒಪ್ಪಿಕೊಂಡೆ, ಟೈಲ್ಸ್ ವಿಷಯ ಸಮೇತ. ಅವರು ಬೈಯಲಿಲ್ಲ. "ಹೇಳಿದ್ದಿದ್ದರೆ ಮೊದಲು ಡಿಬಿಎಸ್ ಬಗ್ಗೆ ಮಾತಾಡುತ್ತಿದ್ದೆ" ಅಂದರು. ಅದರಲ್ಲೂ ನಡಿಗೆ ಕೆಡಬಹುದು, ಆದರೆ ಕರೆಂಟ್ ಕಡಿಮೆ ಮಾಡಬಹುದು. ಸುಟ್ಟದ್ದನ್ನು ವಾಪಸ್ ತರುವುದಕ್ಕೆ ಆಗಲ್ಲ.

ಈಗ ತೀರ್ಥ ಒಂದು ಹನಿಯೂ ಆಚೀಚೆ ಬೀಳುವುದಿಲ್ಲ. ಆದರೆ ಅಭಿಷೇಕದ ಕೊಡ ಹೊತ್ತು ಮೆಟ್ಟಿಲು ಹತ್ತುವುದು ಮಗ. ಗರ್ಭಗುಡಿ ಹೊಸ್ತಿಲು ದಾಟುವಾಗ ಬಾಗಿಲವಾಡ ಹಿಡಿದುಕೊಳ್ಳುತ್ತೇನೆ. ಉತ್ಸವದ ದಿನ ಪ್ರದಕ್ಷಿಣೆ ಬರುವುದನ್ನು ಬಿಟ್ಟಿದ್ದೇನೆ. ಅದು ನನಗೆ ತುಂಬ ನೋವು ಕೊಡುವ ವಿಷಯ.

ಹಾಗಾಗಿ "ಕೊಯ್ಯಲ್ಲ, ಅದಕ್ಕೇ ಸೇಫ್" ಅನ್ನುವ ನಿಮ್ಮ ಲೆಕ್ಕವನ್ನು ನಾನು ಒಪ್ಪಲ್ಲ. ಚರ್ಮ ಕೊಯ್ಯಲ್ಲ ಅಷ್ಟೇ, ಇದೂ ಮೆದುಳಿನ ಆಪರೇಷನ್ನೇ. ಚಿಕಿತ್ಸೆ ಕೆಟ್ಟದು ಅಂತಲೂ ಹೇಳುತ್ತಿಲ್ಲ. ನಡಿಗೆ ಗಟ್ಟಿಯಿರುವವರು, ಒಂದು ಕೈ ನೆಟ್ಟಗಾದರೆ ಸಾಕು ಅನ್ನುವವರು ಧೈರ್ಯವಾಗಿ ಮಾಡಿಸಲಿ. ಇನ್ನೊಂದು ಕೈಗಾಗಿ ಮೆದುಳಿನ ಎರಡನೇ ಕಡೆಗೂ ಮಾಡಲು ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದೆ, ಕನಿಷ್ಠ ಒಂಬತ್ತು ತಿಂಗಳ ಅಂತರ ಇಟ್ಟು. ನನ್ನನ್ನು ಕೇಳಿದರೆ ಅಮ್ಮನಿಗೆ ಅದರ ಆಸೆ ಈಗಲೇ ಹುಟ್ಟಿಸಬೇಡಿ. ನನ್ನ ಎಡಗೈ ಇವತ್ತಿಗೂ ನಡುಗುತ್ತದೆ, ಹಾಗೇ ಗಂಟೆ ಬಾರಿಸುತ್ತೇನೆ.

ನಾಳೆ ಬೆಳಿಗ್ಗೆ ಅಮ್ಮನಿಗೆ ಹೇಳದೆ ಅವರು ನಡೆಯುವುದನ್ನು ನೋಡಿ. ಬಚ್ಚಲಿಗೆ ಹೋಗುವಾಗ ಗೋಡೆ ಮುಟ್ಟುತ್ತಾರಾ? ತಿರುಗುವಾಗ ಕಾಲು ಅಗಲ ಮಾಡುತ್ತಾರಾ? ಬಿದ್ದದ್ದನ್ನು ಪಾಚಿ, ಚಪ್ಪಲಿ, ಸೀರೆ ನೆರಿಗೆ ಅಂತ ಏನಾದರೂ ಹೇಳಿದ್ದಾರಾ? ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪರೀಕ್ಷೆಗೆ ಕರೆದಾಗ ಅಮ್ಮ "ನೀನು ಹೊರಗೆ ಕೂತಿರು" ಅಂದರೂ ಜೊತೆಗೆ ಒಳಗೆ ಹೋಗಿ.