ಗ್ರಾಮೆಟ್ ಹಾಕಿಸಿದ್ದೇವೆ, ಮಾತು ಯಾವಾಗ ಸರಿಹೋಗುತ್ತೆ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ನಾಲ್ಕೂವರೆ ವರ್ಷ. ಕರೆದರೆ ತಿರುಗುತ್ತಿರಲಿಲ್ಲ, ಟಿವಿ ಸೌಂಡ್ ಜಾಸ್ತಿ ಇಡುತ್ತಿದ್ದ. ಕಿವಿಯೊಳಗೆ ನೀರು ತುಂಬಿದೆ ಎಂದು ಮೂರು ವಾರದ ಹಿಂದೆ ಎರಡೂ ಕಿವಿಗೆ ಗ್ರಾಮೆಟ್ ಅನ್ನೋ ಪುಟ್ಟ ಕೊಳವೆ ಹಾಕಿದರು, ಮೂಗಿನ ಹಿಂದೆ ಬೆಳೆದಿದ್ದ ಮಾಂಸ (ಅಡಿನಾಯ್ಡ್) ಕೂಡ ತೆಗೆದರು. ಈಗ ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ಮಾತು ಮಾತ್ರ ಹಾಗೇ ಇದೆ, ಸಕ್ಕರೆಗೆ ‘ತಕ್ಕರೆ’ ಅಂತಾನೆ. ನೆಗಡಿಯಾಗಿ ನಿನ್ನೆಯಿಂದ ಬಲಗಿವಿ ಸೋರುತ್ತಿದೆ. ಆಪರೇಷನ್ ಫೇಲ್ ಆಯ್ತಾ? ನಮ್ಮ ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಡೋಣ ಅಂತಿದ್ದಾರೆ.
— ಓದುಗರು, ಹಾಸನ

ಉತ್ತರ: ಮೊದಲು ಎಣ್ಣೆಯ ವಿಷಯ. ದಯವಿಟ್ಟು ಬಿಡಬೇಡಿ. ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ. ಮೊಮ್ಮಗನ ಕಿವಿಯ ತಮಟೆಯಲ್ಲಿ ಈಗ ಬೇಕೆಂದೇ ಮಾಡಿದ ತೂತಿದೆ. ಅದು ಮುಚ್ಚಿಕೊಳ್ಳದಿರಲಿ ಅಂತ ಅದರಲ್ಲಿ ಒಂದೆರಡು ಮಿಲಿಮೀಟರಿನ ಪುಟ್ಟ ಕೊಳವೆ ಕೂರಿಸಿದ್ದಾರೆ. ಎಣ್ಣೆ ಬಿಟ್ಟರೆ ತಮಟೆಯ ಹಿಂದಕ್ಕೇ ಇಳಿಯಬಹುದು. ತಲೆಗೆ ಎಣ್ಣೆ ಹಚ್ಚಲಿ, ಅದಕ್ಕೆ ಅಡ್ಡಿಯಿಲ್ಲ. ತಲೆಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗೆ ಇಡಿ. ಬರೀ ನೀರಿಗಿಂತ ಸೋಪು, ಶಾಂಪೂ ಬೆರೆತ ನೀರು ಕೊಳವೆಯೊಳಗೆ ಸುಲಭವಾಗಿ ನುಸುಳುತ್ತದೆ.

ಕಿವಿ ಸೋರಿದರೆ ಆಪರೇಷನ್ ಫೇಲ್ ಆಯ್ತು ಅಂತಲ್ಲ. ಗ್ರಾಮೆಟ್ ಇರುವ ಮಕ್ಕಳಿಗೆ ನೆಗಡಿಯಾದಾಗ ಇದು ಆಗುವಂಥದ್ದೇ. ಮೊದಲು ಒಳಗೇ ಕಟ್ಟಿಕೊಳ್ಳುತ್ತಿದ್ದದ್ದು ಈಗ ಹೊರಗೆ ಬರುತ್ತಿದೆ, ಅಂದರೆ ಕೊಳವೆ ತೆರೆದಿದೆ. ಹಾಗಂತ ಸುಮ್ಮನೆ ಬಿಡಬೇಡಿ, ನಾಳೆಯೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಜ್ವರವಿಲ್ಲದೆ, ಮಗು ಲವಲವಿಕೆಯಿಂದ ಇದ್ದರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಡ್ರಾಪ್ಸ್ ಸಾಕು, ಸಿರಪ್ ಬೇಕಾಗುವುದಿಲ್ಲ. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವುದೋ ಡ್ರಾಪ್ಸ್ ತರಬೇಡಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವಂಥವು ತೂತಿರುವ ಕಿವಿಗೆ ಒಳ್ಳೆಯದಲ್ಲ. ಹೊರಗೆ ಬಂದದ್ದನ್ನಷ್ಟೇ ಒರೆಸಿ, ಬಡ್ಸ್ ಒಳಗೆ ಹಾಕಬೇಡಿ. ಜ್ವರ ಬಂದರೆ, ಕಿವಿಯ ಹಿಂದೆ ಊದಿಕೊಂಡರೆ ನಾಳೆಯವರೆಗೂ ಕಾಯಬೇಡಿ.

ಇನ್ನು ಮಿಕ್ಸಿ ಸದ್ದಿಗೆ ಅಳುವುದು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಸಾಲು ಇದು! ನೀವೇ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮನೆಯವರ ಮಾತು ಕೇಳಿ ನೋಡಿ. ತಮಟೆಯ ಹಿಂದೆ ನೀರು ನಿಂತ ಮಗು ಹೆಚ್ಚುಕಡಿಮೆ ಹಾಗೇ ಬದುಕುತ್ತಿರುತ್ತದೆ. ಕೇಳಿಸುವುದು ಸಾಮಾನ್ಯವಾಗಿ 20–30 ಡೆಸಿಬಲ್ ಕಡಿಮೆಯಾಗಿರುತ್ತದೆ. ಜೋರಾಗಿ ಕೂಗಿದರೆ ಕೇಳುತ್ತದೆ, ಅದಕ್ಕೇ ಮನೆಯವರಿಗೆ ಅನುಮಾನವೂ ಬರುವುದಿಲ್ಲ. ‘ಬೇಕಾದಾಗ ಕೇಳುತ್ತೆ, ಬೇಡದಾಗ ಕಿವುಡು’ ಅಂತ ಬೈಸಿಕೊಂಡ ಎಷ್ಟು ಮಕ್ಕಳನ್ನು ನೋಡಿದ್ದೇನೆ. ಪಾಪ, ಅವು ಮೊಂಡು ಮಾಡುತ್ತಿರುವುದಿಲ್ಲ. ನೀರು ತೆಗೆದ ದಿನವೇ ಸದ್ದು ಒಮ್ಮೆಲೇ ನುಗ್ಗುತ್ತದೆ, ಕುಕ್ಕರ್ ವಿಶಲ್, ಫ್ಲಶ್, ಬೈಕು ಎಲ್ಲಕ್ಕೂ ಬೆಚ್ಚುತ್ತವೆ. ಮಿಕ್ಸಿ ಹಾಕುವ ಮುಂಚೆ ‘ಈಗ ಸದ್ದು ಬರುತ್ತೆ ಕಂದ’ ಅಂತ ಹೇಳಿ ಹಾಕಿ. ನಿಧಾನವಾಗಿ ರೂಢಿಯಾಗುತ್ತದೆ.

ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ‘ಸ’ ತೆಳುವಾದ ಸದ್ದು, ಕಿವಿ ಮಂದವಾದಾಗ ಬೇಗ ಕಳೆದುಹೋಗುವಂಥದ್ದು. ನಿಮ್ಮ ಮಗ ಅದನ್ನು ಸ್ಪಷ್ಟವಾಗಿ ಕೇಳಲು ಶುರುಮಾಡಿ ಮೂರೇ ವಾರ. ‘ತಕ್ಕರೆ ಅಲ್ಲ, ಸಕ್ಕರೆ ಅನ್ನು’ ಅಂತ ನೆಂಟರ ಮುಂದೆ ತಿದ್ದಬೇಡಿ. ‘ಸಕ್ಕರೆ ಬೇಕಾ? ತಗೋ ಸಕ್ಕರೆ’ ಅಂತ ನೀವು ಸರಿಯಾಗಿ ಹೇಳಿದರೆ ಸಾಕು. ಟಿವಿ ಆರಿಸಿ, ಅವನ ಎತ್ತರಕ್ಕೆ ಕೂತು, ಮುಖ ನೋಡಿಕೊಂಡು ಮಾತಾಡಿ. ಶಾಲೆಯಲ್ಲಿ ಮಿಸ್ ಹತ್ತಿರ ಕೂರಿಸಲು ಹೇಳಿ.

ಆಪರೇಷನ್ ಆಗಿ ಆರೆಂಟು ವಾರಕ್ಕೆ, ಸೋರುವುದು ನಿಂತ ಮೇಲೆ, ಒಮ್ಮೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಲೇಬೇಕು. ಈ ವಯಸ್ಸಿಗೆ ಅದು ಆಟವೇ. ಸದ್ದು ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು, ಅಷ್ಟೆ. ‘ಈಗ ಚೆನ್ನಾಗಿ ಕೇಳುತ್ತಲ್ಲ’ ಅಂತ ಬಹಳಷ್ಟು ಮನೆಗಳಲ್ಲಿ ಈ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ನೀರಿನ ಜೊತೆ ನರದ ದೋಷವೂ ಇತ್ತಾ ಅನ್ನುವುದು ಇದರಲ್ಲೇ ಗೊತ್ತಾಗುವುದು. ಕೆಲವು ತಿಂಗಳಾದರೂ ಮಾತು ತಿಳಿಯಾಗದಿದ್ದರೆ ಸ್ಪೀಚ್ ಥೆರಪಿ ಕೊಡಿಸಿ. ಹಾಸನದಿಂದ ಮೈಸೂರು ದೂರವೇನಲ್ಲ. ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ, ಮಾತಿನ ತರಬೇತಿ ಎರಡೂ ಇವೆ.

ಗ್ರಾಮೆಟ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿಯೇ ಉದುರುತ್ತದೆ. ದಿಂಬಿನ ಮೇಲೆ ಸಿಕ್ಕರೆ ಗಾಬರಿಯಾಗಬೇಡಿ. ತೂತು ಬಹುತೇಕ ಮಕ್ಕಳಲ್ಲಿ ಮುಚ್ಚಿಕೊಳ್ಳುತ್ತದೆ. ಕೆಲವರಿಗೆ ಮತ್ತೆ ನೀರು ತುಂಬುವುದುಂಟು, ಆದ್ದರಿಂದ ಕೊಳವೆ ಉದುರಿದ ಮೇಲೂ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಿದ್ದರೆ ಇವತ್ತಿನಿಂದಲೇ ಮಗುವಿನ ಹತ್ತಿರ ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಆ ಹೊಗೆಗೂ ಕಿವಿಯಲ್ಲಿ ನೀರು ತುಂಬುವುದಕ್ಕೂ ನಂಟಿದೆ.