ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲ ಹಕ್ಕುಗಳೂ ಇವೆಯೇ? ನ್ಯೂಜೆರ್ಸಿಯಿಂದ ಒಂದು ಉತ್ತರ

ನಿಮ್ಮ ಮಗಳು ಮದುವೆಯಾಗಿ ಬರುವ ತಿಂಗಳು ನ್ಯೂಜೆರ್ಸಿಗೆ ಹೊರಟಿದ್ದಾಳೆ, ಅಳಿಯ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದಾರೆ, ಮಗಳಿಗೆ ಅವರ ಪತ್ನಿಯಾಗಿ ಎಚ್-4 ವೀಸಾ ಸಿಕ್ಕಿದೆ ಎಂದು ಬರೆದು ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಎಲ್ಲ ಹಕ್ಕುಗಳೂ ಇವೆ, ಭಯಪಡಬೇಕಾದದ್ದು ಏನೂ ಇಲ್ಲ ಎನ್ನುತ್ತಾರಲ್ಲ, ಅದು ನಿಜವೇ ಎಂಬುದು ಮೊದಲನೆಯದು. ನಮ್ಮಲ್ಲಿ ಇಂದಿರಾ ಗಾಂಧಿಯವರು 1966ರಲ್ಲೇ ಪ್ರಧಾನಿಯಾದರು, ಅಲ್ಲಿ ಇನ್ನೂ ಒಬ್ಬ ಮಹಿಳೆಯೂ ಅಧ್ಯಕ್ಷರಾಗಿಲ್ಲ ಏಕೆ ಎಂಬುದು ಎರಡನೆಯದು. ನಾನು ಈ ರಾಜ್ಯಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಾನೂ ಎಚ್-4ರಲ್ಲೇ ಬಂದವಳು, ಈಗ ಇಲ್ಲಿನ ಪ್ರಜೆ ಮತ್ತು ಮತದಾರಳು. ಮನೆಯೊಳಗಿನ ಹಿಂಸೆಗೆ ಸಿಕ್ಕ ನಮ್ಮ ಕಡೆಯ ಹೆಂಗಸರಿಗೆ ನೆರವಾಗುವ ಒಂದು ಸಂಸ್ಥೆಯಲ್ಲಿ ಒಂಬತ್ತು ವರ್ಷದಿಂದ ಸ್ವಯಂಸೇವಕಿಯಾಗಿದ್ದೇನೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಹಕ್ಕುಗಳು ಇವೆ, ಬೇಕಾದಷ್ಟಿವೆ. ಆದರೆ ಅವು ಒಂದೇ ಕಡೆ ಗಟ್ಟಿಯಾಗಿ ಬರೆದಿಟ್ಟವಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಲಿಂಗದ ಕಾರಣಕ್ಕೆ ಸರ್ಕಾರ ಯಾರಿಗೂ ತಾರತಮ್ಯ ಮಾಡಬಾರದು ಎಂದು ಭಾರತದ ಸಂವಿಧಾನದ 15ನೇ ವಿಧಿ ನೇರವಾಗಿ ಹೇಳುತ್ತದೆ. ಅಮೆರಿಕದ ಸಂವಿಧಾನದಲ್ಲಿ ಮತದಾನದ ವಿಷಯವೊಂದನ್ನು ಬಿಟ್ಟರೆ ಅಂಥ ವಾಕ್ಯವೇ ಇಲ್ಲ. ಅಂಥದೊಂದು ತಿದ್ದುಪಡಿಯನ್ನು ಬರೆದವರು ಇದೇ ನ್ಯೂಜೆರ್ಸಿಯಲ್ಲಿ ಹುಟ್ಟಿದ ಆಲಿಸ್ ಪಾಲ್. ಅದು 1923ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಬಂತು, 1972ರಲ್ಲಿ ಅಂಗೀಕಾರವಾಯಿತು, ಜಾರಿಗೆ ಬರಲು 38 ರಾಜ್ಯಗಳ ಒಪ್ಪಿಗೆ ಬೇಕಾಗಿತ್ತು. 1982ರ ಗಡುವಿನ ಹೊತ್ತಿಗೆ ಒಪ್ಪಿದ ರಾಜ್ಯಗಳು 35. ಮೂವತ್ತೆಂಟನೆಯದಾಗಿ ವರ್ಜೀನಿಯಾ ಒಪ್ಪಿದ್ದು 2020ರಲ್ಲಿ, ಗಡುವು ಮುಗಿದು ದಶಕಗಳೇ ಕಳೆದ ಮೇಲೆ; ಹೀಗಾಗಿ ಆ ವಾಕ್ಯ ಇಂದಿಗೂ ಸಂವಿಧಾನದೊಳಗೆ ಸೇರಿಲ್ಲ. ಅದು ಇಲ್ಲದ ಕಾರಣ ಇಲ್ಲಿ ಹೆಂಗಸರು ಪ್ರತಿಯೊಂದು ಹಕ್ಕನ್ನೂ ಬೇರೆ ಬೇರೆ ಕಾಯ್ದೆಗಾಗಿ ಹೋರಾಡಿ ಬಿಡಿಬಿಡಿಯಾಗಿ ಪಡೆದಿದ್ದಾರೆ. ಸಮಾನ ವೇತನಕ್ಕೆ 1963ರದೊಂದು ಕಾಯ್ದೆ, ಕೆಲಸದಲ್ಲಿ ತಾರತಮ್ಯ ತಡೆಯಲು 1964ರದು, ಶಾಲೆ ಕಾಲೇಜುಗಳಿಗೆ 1972ರದು. ಗಂಡನ ಸಹಿ ಇಲ್ಲದೆ ಸಾಲವಿಲ್ಲ ಎಂದು ಬ್ಯಾಂಕುಗಳು ಹೇಳದಂತೆ ಮಾಡಿದ ಕಾಯ್ದೆ ಬಂದದ್ದು 1974ರಲ್ಲಿ. ಹೀಗೆ ಬಿಡಿಯಾಗಿ ಬಂದದ್ದನ್ನು ಬಿಡಿಯಾಗಿ ಕಿತ್ತುಕೊಳ್ಳಲೂ ಬರುತ್ತದೆ.

ಕಿತ್ತುಕೊಂಡ ಉದಾಹರಣೆಗೆ ನಾವು ದೂರ ಹೋಗಬೇಕಿಲ್ಲ, ನಿಮ್ಮ ಮಗಳು ಬರಲಿರುವ ರಾಜ್ಯದಲ್ಲೇ ಅದು ನಡೆದಿದೆ. 1776ರಲ್ಲಿ ನ್ಯೂಜೆರ್ಸಿ ತನ್ನ ಮೊದಲ ಸಂವಿಧಾನ ಬರೆದಾಗ, ಐವತ್ತು ಪೌಂಡ್ ಬೆಲೆಯ ಆಸ್ತಿಯುಳ್ಳ ಎಲ್ಲ ವಯಸ್ಕ ನಿವಾಸಿಗಳಿಗೂ ಮತದ ಹಕ್ಕು ಕೊಟ್ಟಿತು. ಗಂಡಸರಿಗೆ ಮಾತ್ರ ಎಂದು ಬರೆಯಲಿಲ್ಲ. 1790ರ ಚುನಾವಣಾ ಕಾಯ್ದೆ ಮತದಾರರನ್ನು ಕುರಿತು ‘ಅವನು ಅಥವಾ ಅವಳು’ ಎಂದೇ ಹೇಳಿತು. ಮದುವೆಯಾದವಳ ಆಸ್ತಿ ಆಗಿನ ಕಾನೂನಿನಂತೆ ಗಂಡನದಾಗುತ್ತಿದ್ದುದರಿಂದ ಮತ ಹಾಕಿದವರಲ್ಲಿ ಹೆಚ್ಚಿನವರು ವಿಧವೆಯರು ಮತ್ತು ಅವಿವಾಹಿತೆಯರು. ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ಸಂಗ್ರಹಾಲಯದವರು ಕೆಲವು ವರ್ಷಗಳ ಹಿಂದೆ ಆ ಕಾಲದ ಮತಗಟ್ಟೆಯ ಪಟ್ಟಿಗಳನ್ನು ಹುಡುಕಿ ತೆಗೆದಾಗ ಅವುಗಳಲ್ಲಿ ನೂರಕ್ಕೂ ಹೆಚ್ಚು ಹೆಂಗಸರ ಹೆಸರುಗಳು ಸಿಕ್ಕವು. ಆಮೇಲೆ 1807ರಲ್ಲಿ, ಚುನಾವಣೆಯಲ್ಲಿ ಅಕ್ರಮ ನಡೆಯುತ್ತಿದೆ ಎಂಬ ನೆಪ ಹೇಳಿ, ರಾಜ್ಯದ ಶಾಸನಸಭೆ ಒಂದು ಕಾಯ್ದೆಯಿಂದ ಹೆಂಗಸರ ಮತವನ್ನೂ ಕಪ್ಪುಜನರ ಮತವನ್ನೂ ಒಟ್ಟಿಗೆ ಅಳಿಸಿಹಾಕಿತು. ಮತವಿಲ್ಲದವಳು ತೆರಿಗೆಯನ್ನೇಕೆ ಕಟ್ಟಬೇಕು ಎಂದು 1858ರಲ್ಲಿ ಆರೆಂಜ್ ಊರಿನ ಲೂಸಿ ಸ್ಟೋನ್ ನಿರಾಕರಿಸಿದಾಗ ಅವರ ಮನೆಯ ಸಾಮಾನುಗಳನ್ನು ಹರಾಜು ಹಾಕಿದರು. 1868ರಲ್ಲಿ ವೈನ್‌ಲ್ಯಾಂಡ್ ಎಂಬ ಊರಿನ 172 ಹೆಂಗಸರು ಮತಗಟ್ಟೆಗೆ ಹೋಗಿ, ಎಣಿಕೆಗೆ ಬಾರದೆಂದು ಗೊತ್ತಿದ್ದೂ ತಮ್ಮದೇ ಬೇರೆ ಪೆಟ್ಟಿಗೆಯಲ್ಲಿ ಮತ ಹಾಕಿ ಬಂದರು. 1915ರಲ್ಲಿ ಜನಮತ ಕೇಳಿದಾಗ ಈ ರಾಜ್ಯದ ಗಂಡಸರು ಬೇಡವೆಂದರು. ಕೊನೆಗೆ 1920ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡುವ ಹತ್ತೊಂಬತ್ತನೆಯ ತಿದ್ದುಪಡಿ ದೇಶದ ಸಂವಿಧಾನಕ್ಕೆ ಬಂದಾಗ, ಒಮ್ಮೆ ಕೈಯಲ್ಲಿದ್ದ ಹಕ್ಕನ್ನು ನ್ಯೂಜೆರ್ಸಿಯ ಹೆಂಗಸರು ಮರಳಿ ಪಡೆಯಲು 113 ವರ್ಷ ಹಿಡಿದಿತ್ತು. ದಕ್ಷಿಣದ ರಾಜ್ಯಗಳ ಕಪ್ಪು ಮಹಿಳೆಯರು ಇದಕ್ಕೂ ಹೆಚ್ಚು ಕಾಯಬೇಕಾಯಿತು. ಅವರ ಮತಕ್ಕೆ ನಿಜವಾದ ರಕ್ಷಣೆ ಸಿಕ್ಕಿದ್ದು 1965ರ ಕಾಯ್ದೆಯ ನಂತರ.

ಇದು ಹಳೆಯ ಕಥೆಯೆಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. 2022ರ ಜೂನ್ 24ರಂದು ಸುಪ್ರೀಂ ಕೋರ್ಟು, ಗರ್ಭಪಾತದ ಹಕ್ಕನ್ನು ಗುರುತಿಸಿದ್ದ ತನ್ನದೇ 1973ರ ತೀರ್ಪನ್ನು ರದ್ದುಮಾಡಿ, ಆ ವಿಷಯವನ್ನು ಆಯಾ ರಾಜ್ಯಗಳಿಗೆ ಬಿಟ್ಟಿತು. ಈಗ ಹನ್ನೆರಡಕ್ಕೂ ಹೆಚ್ಚು ರಾಜ್ಯಗಳಲ್ಲಿ ಗರ್ಭಪಾತ ಹೆಚ್ಚುಕಡಿಮೆ ಪೂರ್ತಿ ನಿಷಿದ್ಧ. ನ್ಯೂಜೆರ್ಸಿ ಆ ವರ್ಷದ ಜನವರಿಯಲ್ಲೇ ತನ್ನ ಕಾಯ್ದೆಯಲ್ಲಿ ಈ ಹಕ್ಕನ್ನು ಬರೆದುಕೊಂಡಿತ್ತು. ಟೆಕ್ಸಾಸ್ ರಾಜ್ಯ ಕಾಯ್ದೆ ಮೀರಿದ ವೈದ್ಯರಿಗೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಐಟಿ ಕೆಲಸದಲ್ಲಿರುವ ನಮ್ಮ ಕುಟುಂಬಗಳು ನ್ಯೂಜೆರ್ಸಿಯ ಎಡಿಸನ್ನಿನಿಂದ ಟೆಕ್ಸಾಸಿನ ಡಲ್ಲಾಸಿಗೆ ಮನೆ ಬದಲಾಯಿಸುವುದು ಸಾಮಾನ್ಯ ಸಂಗತಿ. ಸುಮಾರು ನಾಲ್ಕು ಗಂಟೆಯ ಆ ವಿಮಾನ ಪ್ರಯಾಣದಲ್ಲಿ ಗಂಡನ ಹಕ್ಕುಗಳು ಹೆಚ್ಚೇನೂ ಬದಲಾಗುವುದಿಲ್ಲ. ಬಸಿರಿ ಹೆಂಡತಿಯ ಹಕ್ಕುಗಳು ಬದಲಾಗುತ್ತವೆ. ಹೆರಿಗೆ ರಜೆಯೂ ಹೀಗೆಯೇ: ಇಡೀ ದೇಶಕ್ಕೆ ಅನ್ವಯಿಸುವ 1993ರ ಕಾಯ್ದೆ ಕೊಡುವುದು 12 ವಾರ ಸಂಬಳವಿಲ್ಲದ ರಜೆ, ಅದೂ ಸಣ್ಣ ಕಂಪನಿಗಳಿಗೆ ಅನ್ವಯಿಸುವುದಿಲ್ಲ. ನ್ಯೂಜೆರ್ಸಿಯಲ್ಲಿ 2009ರಿಂದ ರಾಜ್ಯದ ವಿಮೆಯಿಂದ ಆ ದಿನಗಳಿಗೆ ಒಂದಿಷ್ಟು ಹಣ ಸಿಗುತ್ತದೆ. ಆದ್ದರಿಂದ ‘ಅಮೆರಿಕದಲ್ಲಿ’ ಎಂದು ಯಾರಾದರೂ ಹೇಳಿದಾಗ ಯಾವ ರಾಜ್ಯದಲ್ಲಿ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಅಧ್ಯಕ್ಷ ಪದವಿಯ ಪ್ರಶ್ನೆಗೆ ಬರುತ್ತೇನೆ. ಪ್ರಧಾನಿಯನ್ನು ಆರಿಸುವವರು ಪಕ್ಷದ ಸಂಸದರು. ಇಲ್ಲಿ ಅಧ್ಯಕ್ಷರಾಗಲು ಮೊದಲು ಪಕ್ಷದೊಳಗಿನ ಚುನಾವಣೆಗಳನ್ನು ರಾಜ್ಯ ರಾಜ್ಯವಾಗಿ ಗೆದ್ದು, ಆಮೇಲೆ ರಾಜ್ಯವಾರು ಹಂಚಿಕೆಯಾದ 538 ಚುನಾಯಕರ ಮತಗಳಲ್ಲಿ 270 ಪಡೆಯಬೇಕು. 2016ರಲ್ಲಿ ಹಿಲರಿ ಕ್ಲಿಂಟನ್ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚು ಜನರ ಮತ ಪಡೆದರೂ ಆ ಲೆಕ್ಕದಲ್ಲಿ ಸೋತರು. 2024ರಲ್ಲಿ ಕಮಲಾ ಹ್ಯಾರಿಸ್ ಅವರಿಗೆ, ಆಗಿನ ಅಧ್ಯಕ್ಷ ಬೈಡನ್ ಕಣದಿಂದ ಹಿಂದೆ ಸರಿದ ಮೇಲೆ ಪ್ರಚಾರಕ್ಕೆ ಸಿಕ್ಕಿದ್ದು ನೂರು ಚಿಲ್ಲರೆ ದಿನಗಳು. ಅವರು ಎರಡು ಲೆಕ್ಕದಲ್ಲೂ ಸೋತರು. ಹೆಣ್ಣೆಂಬ ಕಾರಣಕ್ಕೇ ಸೋತರು ಎಂದು ನಾನು ಹೇಳಲಾರೆ. ಆದರೆ ಅಭ್ಯರ್ಥಿ ಹೆಣ್ಣಾದಾಗ ಅವಳ ನಗು, ದನಿ, ಮಕ್ಕಳಿದ್ದಾರೋ ಇಲ್ಲವೋ ಎಂಬುದೆಲ್ಲ ಚರ್ಚೆಗೆ ಬರುವುದನ್ನು ಎರಡು ಚುನಾವಣೆಗಳಲ್ಲೂ ಕಣ್ಣಾರೆ ಕಂಡಿದ್ದೇನೆ, ಅದು ನನಗೆ ಬಹಳ ನೋವು ಕೊಟ್ಟಿದೆ.

ನನ್ನ ಅನುಭವದಲ್ಲಿ ನಿಜವಾದ ಅಡ್ಡಿ ಇರುವುದು ಮೇಲಲ್ಲ, ಕೆಳಗಿನ ಮೆಟ್ಟಿಲುಗಳಲ್ಲಿ. ಪ್ರಜೆಯಾದ ಮೇಲೆ ಮೊದಲ ಸಲ ಪಕ್ಷದ ಒಳಚುನಾವಣೆಯಲ್ಲಿ ಮತ ಹಾಕಲು ಹೋದಾಗ ಮತಪತ್ರ ನೋಡಿ ತಬ್ಬಿಬ್ಬಾದೆ. ಜಿಲ್ಲೆಯ ಪಕ್ಷದ ಮುಖಂಡರು ಒಪ್ಪಿದ ಹೆಸರುಗಳೆಲ್ಲ, ದೊಡ್ಡ ಹುದ್ದೆಯಿಂದ ಸಣ್ಣ ಹುದ್ದೆಯವರೆಗೆ, ಒಂದರ ಕೆಳಗೊಂದು ಒಂದೇ ಸಾಲಿನಲ್ಲಿದ್ದವು. ನನಗೆ ಬೇಕಾಗಿದ್ದ, ಶಾಲಾ ಮಂಡಳಿಯಲ್ಲಿ ಕೆಲಸ ಮಾಡಿ ಮೇಲೆ ಬಂದಿದ್ದ ಮಹಿಳೆಯ ಹೆಸರು ಎಷ್ಟೋ ಖಾಲಿ ಚೌಕಗಳನ್ನು ದಾಟಿ ಮೂಲೆಯಲ್ಲಿತ್ತು. ಇದನ್ನು ಇಲ್ಲಿ ಕೌಂಟಿ ಲೈನ್, ಅಂದರೆ ಜಿಲ್ಲೆಯ ಸಾಲು, ಎನ್ನುತ್ತಿದ್ದರು. ಆ ಸಾಲಿನಲ್ಲಿ ಜಾಗ ಸಿಗಬೇಕಾದರೆ ಮುಖಂಡರ ಒಲವು ಬೇಕು, ಮುಖಂಡರಲ್ಲಿ ಹೆಚ್ಚಿನವರು ಗಂಡಸರು. 2024ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಈ ಪದ್ಧತಿಗೆ ತಡೆ ಹಾಕಿದರು. ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಪ್ರಚಾರದ ಹಣವನ್ನು ಬಳಸಬಹುದು ಎಂದು ಕಾಂಗ್ರೆಸ್ ಅಭ್ಯರ್ಥಿಯೊಬ್ಬರ ಮನವಿಗೆ ಫೆಡರಲ್ ಚುನಾವಣಾ ಆಯೋಗ ಒಪ್ಪಿದ್ದು 2018ರಲ್ಲಿ. ಅದೇ ವರ್ಷ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿನ ಸದಸ್ಯೆ ಟ್ಯಾಮಿ ಡಕ್‌ವರ್ತ್ ಹತ್ತು ದಿನದ ಕೂಸನ್ನು ಎತ್ತಿಕೊಂಡು ಮತ ಹಾಕಲು ಬಂದರು. ಅದಕ್ಕಾಗಿ ಸೆನೆಟ್ ತನ್ನ ನಿಯಮವನ್ನೇ ಬದಲಾಯಿಸಬೇಕಾಯಿತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಇಲ್ಲಿ ಯಾವ ಮಟ್ಟದಲ್ಲೂ ಅಂಥ ಮೀಸಲಾತಿಯಿಲ್ಲ. ಮೊಂಟಾನಾದ ಜೆನೆಟ್ ರ‍್ಯಾಂಕಿನ್ 1916ರಲ್ಲಿ ಕಾಂಗ್ರೆಸ್ಸಿಗೆ ಗೆದ್ದ ಮೊದಲ ಮಹಿಳೆ. ಅದಾಗಿ ಶತಮಾನ ಕಳೆದರೂ ಕಾಂಗ್ರೆಸ್ಸಿನಲ್ಲಿ ಮಹಿಳೆಯರ ಪಾಲು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇನ್ನು ಸುರಕ್ಷತೆ. ನಿಮ್ಮ ಚಿಂತೆ ಬಹುಶಃ ರಸ್ತೆಯ ಬಗ್ಗೆ ಇದೆ. ನಾನು ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತೇನೆ, ಅಂಗಡಿಗೆ ಹೋಗುತ್ತೇನೆ, ಹೆಚ್ಚು ಅಂಜುವುದಿಲ್ಲ. ಹೆಂಗಸರಿಗೆ ಇಲ್ಲಿ ಅಪಾಯ ಹೆಚ್ಚಾಗಿ ಬರುವುದು ಮನೆಯೊಳಗಿನಿಂದ. ಜೀವಮಾನದಲ್ಲಿ ಒಮ್ಮೆಯಾದರೂ ಸಂಗಾತಿಯಿಂದ ತೀವ್ರ ದೈಹಿಕ ಹಿಂಸೆ ಅನುಭವಿಸಿದವರು ಸುಮಾರು ನಾಲ್ವರಲ್ಲಿ ಒಬ್ಬರು ಎಂದು ಸರ್ಕಾರದ ಸಮೀಕ್ಷೆಯೇ ಹೇಳಿದೆ, ಕೊಲೆಯಾಗುವ ಹೆಂಗಸರಲ್ಲಿ ಅರ್ಧದಷ್ಟು ಪ್ರಕರಣಗಳಿಗೆ ಸಂಗಾತಿಯ ನಂಟಿರುತ್ತದೆ. ಮನೆಯಲ್ಲಿ ಬಂದೂಕು ಇರುವ ದೇಶದಲ್ಲಿ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 1994ರ ಕಾಯ್ದೆಯಿಂದ ಪೊಲೀಸರಿಗೆ ತರಬೇತಿ, ಆಶ್ರಯಗೃಹಗಳಿಗೆ ಹಣ, ಸಹಾಯವಾಣಿ ಎಲ್ಲ ಬಂದವು. ಆದರೂ 2005ರಲ್ಲಿ ಸುಪ್ರೀಂ ಕೋರ್ಟು, ಹಿಂಸಿಸುವವನು ಹತ್ತಿರ ಬರಬಾರದೆಂಬ ನ್ಯಾಯಾಲಯದ ತಡೆಯಾಜ್ಞೆ ಕೈಯಲ್ಲಿದ್ದರೂ ಅದನ್ನು ಪೊಲೀಸರು ಜಾರಿಮಾಡಲೇಬೇಕು ಎಂಬ ಸಾಂವಿಧಾನಿಕ ಹಕ್ಕು ಹೆಂಡತಿಗೆ ಇಲ್ಲ ಎಂದಿತು. ಆ ಪ್ರಕರಣದಲ್ಲಿ ಗಂಡ ಮೂವರು ಹೆಣ್ಣುಮಕ್ಕಳನ್ನು ಎತ್ತಿಕೊಂಡು ಹೋಗಿದ್ದ, ತಾಯಿ ಪೊಲೀಸರಿಗೆ ಮತ್ತೆ ಮತ್ತೆ ಮೊರೆಯಿಟ್ಟಿದ್ದಳು, ಮಕ್ಕಳು ಉಳಿಯಲಿಲ್ಲ. 2024ರಲ್ಲಿ ಅದೇ ನ್ಯಾಯಾಲಯ, ಇಂಥ ತಡೆಯಾಜ್ಞೆಗೆ ಒಳಗಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನನ್ನು ಎತ್ತಿಹಿಡಿದಾಗ ನಮ್ಮ ಸಂಸ್ಥೆಯಲ್ಲಿ ಕೆಲವರು ಅತ್ತೇಬಿಟ್ಟರು.

ನಮ್ಮ ಹೆಣ್ಣುಮಕ್ಕಳಿಗೆ ಇದರ ಮೇಲೆ ವೀಸಾದ ಕಟ್ಟು ಬೇರೆ. ಎಚ್-4 ಇರುವುದು ಗಂಡನ ಕೆಲಸದ ಮೇಲೆ. 2015ರಿಂದ ಕೆಲವು ಎಚ್-4ನವರಿಗೆ ಕೆಲಸದ ಪರವಾನಗಿ ಸಿಗುತ್ತಿದೆ, ಆದರೆ ಅದೂ ಗಂಡನ ಗ್ರೀನ್ ಕಾರ್ಡಿನ ಕಡತ ಒಂದು ಹಂತಕ್ಕೆ ಬಂದ ಮೇಲೆ. ಅಲ್ಲಿಯವರೆಗೆ ಸಂಬಳವಿಲ್ಲ, ಹಲವರಿಗೆ ಕಾರು ಓಡಿಸಲು ಬಾರದು, ಬ್ಯಾಂಕ್ ಖಾತೆ ಗಂಡನದು, ಪಾಸ್‌ಪೋರ್ಟು ಅವನ ಬೀರುವಿನಲ್ಲಿ. ‘ನಿನ್ನ ವೀಸಾ ರದ್ದು ಮಾಡಿಸುತ್ತೇನೆ’ ಎಂಬ ಒಂದು ಮಾತು ಸಾಕು, ಹೆಣ್ಣು ಬಾಯಿ ಮುಚ್ಚುತ್ತಾಳೆ.

ಒಮ್ಮೆ ಕರ್ನಾಟಕದ ಹೆಣ್ಣುಮಗಳೊಬ್ಬಳ ಜೊತೆ ಇಲ್ಲಿನ ಕೌಂಟಿ ನ್ಯಾಯಾಲಯಕ್ಕೆ ಹೋಗಿದ್ದೆ. ನ್ಯೂಜೆರ್ಸಿಯಲ್ಲಿ ತಾತ್ಕಾಲಿಕ ತಡೆಯಾಜ್ಞೆ ದೂರು ಕೊಟ್ಟ ದಿನವೇ ಸಿಗಬಹುದು. ಅಂತಿಮ ಆಜ್ಞೆಯ ವಿಚಾರಣೆಯನ್ನು ಹತ್ತು ದಿನದೊಳಗೆ ಇಡುತ್ತಾರೆ. ಫೋನಿನಲ್ಲಿ ಕನ್ನಡದ ದುಭಾಷಿಯನ್ನು ನ್ಯಾಯಾಲಯವೇ ಕೊಟ್ಟಿತ್ತು. ನಡೆದದ್ದನ್ನು ಹೇಳಿ ಎಂದಾಗ ಅವಳು, ‘ಅವರು ಬಾಗಿಲು ಹಾಕಿದರು, ಅವರು ಹೊಡೆದರು’ ಎಂದಳು. ದುಭಾಷಿ ಅದನ್ನು ಇಂಗ್ಲಿಷಿನಲ್ಲೂ ಬಹುವಚನದಲ್ಲೇ ಹೇಳಿದರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ಎಷ್ಟು ಜನ ಹೊಡೆದರು ಎಂದು ಕೇಳಿದರು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಪಕ್ಕದಲ್ಲಿದ್ದರೂ ಮಾತಾಡುವಂತಿರಲಿಲ್ಲ. ಇನ್ನೊಮ್ಮೆ ಕೇಳಿದಾಗ ಅವಳು ಸ್ವಲ್ಪ ಹೊತ್ತು ಮೇಜನ್ನೇ ನೋಡುತ್ತಿದ್ದು, ‘ಒಬ್ಬನೇ. ಅವನು’ ಎಂದಳು. ನನಗೆ ಅವಳ ಪರಿಚಯವಾಗಿ ಎರಡು ವಾರವಾಗಿತ್ತು, ಗಂಡನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಂದು ಅಂತಿಮ ಆಜ್ಞೆ ಸಿಕ್ಕಿತು. ಈ ರಾಜ್ಯದಲ್ಲಿ ಅದಕ್ಕೆ ಅವಧಿಯ ಮಿತಿಯಿಲ್ಲ.

ನಿಮ್ಮ ಅಳಿಯ ಒಳ್ಳೆಯವರೇ ಆಗಿರಲಿ, ಆಗಿರುತ್ತಾರೆಂದೇ ನಾನು ಹಾರೈಸುತ್ತೇನೆ. ಆದರೂ ಹೊರಡುವ ಮುನ್ನ ಕೆಲವು ಕೆಲಸ ಮಾಡಿಡಿ. ಮಗಳ ಪಾಸ್‌ಪೋರ್ಟು, ವೀಸಾ, ಮದುವೆಯ ನೋಂದಣಿ ಪತ್ರಗಳ ಪ್ರತಿಗಳು ನಿಮ್ಮ ಬಳಿ ಒಂದು, ಅವಳ ಇಮೇಲಿನಲ್ಲಿ ಒಂದು ಇರಲಿ. ಬಂದ ಮೊದಲ ತಿಂಗಳಲ್ಲೇ ಅವಳು ತನ್ನ ಹೆಸರಿನ ಬ್ಯಾಂಕ್ ಖಾತೆ ತೆರೆಯಲಿ, ಕಾರು ಕಲಿಯಲಿ. ಹಿಂಸೆಗೆ ಒಳಗಾದ ಎಚ್-4 ಪತ್ನಿಗೆ ಪ್ರತ್ಯೇಕ ಕೆಲಸದ ಪರವಾನಗಿಗೆ ಅರ್ಜಿ ಹಾಕುವ ಅವಕಾಶ ಕಾನೂನಿನಲ್ಲಿದೆ. ಗಂಡ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ ಅವನ ಸಹಿಯಿಲ್ಲದೆ ತಾನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಅಪರಾಧಕ್ಕೆ ಗುರಿಯಾಗಿ ಪೊಲೀಸರಿಗೆ ಸಹಕರಿಸಿದವರಿಗೆ ಯು ವೀಸಾ ಇದೆ, ಅದು ವರ್ಷಕ್ಕೆ 10,000 ಮಾತ್ರವಾದ್ದರಿಂದ ಸರದಿ ಬಹಳ ಉದ್ದ. ತುರ್ತಿಗೆ 911, ರಾಷ್ಟ್ರೀಯ ಸಹಾಯವಾಣಿಗೆ 1-800-799-7233. ನ್ಯೂಜೆರ್ಸಿಯಲ್ಲಿ ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ 1985ರಲ್ಲಿ ಆರಂಭವಾದ ಮಾನವಿ ಎಂಬ ಸಂಸ್ಥೆಯಿದೆ.

ಇನ್ನೊಂದು ಮಾತು, ಇದನ್ನು ತಂದೆಯಾದ ನಿಮಗೇ ಹೇಳಬೇಕು. ನಮಗೆ ಕರೆ ಮಾಡುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಅದಕ್ಕೆ ಮೊದಲು ತವರಿಗೆ ಕರೆ ಮಾಡಿರುತ್ತಾರೆ, ‘ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ’ ಎಂಬ ಉತ್ತರ ಕೇಳಿಸಿಕೊಂಡು ಫೋನ್ ಇಟ್ಟಿರುತ್ತಾರೆ. ಅವಳು ವಿಮಾನ ಹತ್ತುವ ಮೊದಲು, ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಮೊದಲು ಅವಳ ಮಾತನ್ನು ಪೂರ್ತಿ ಕೇಳುತ್ತೀರಿ ಎಂದು ನೀವೇ ಬಾಯಿಬಿಟ್ಟು ಹೇಳಿ ಕಳಿಸಿ.